ಹಡಗು ಒಂದು ಹಗಲು ನಿಂತಾಗ: ಪಣಂಬೂರಿನಿಂದ ಮೂಡುಬಿದಿರೆಗೆ

ಮಳೆಗಾಲ ಕಳೆದ ಮೇಲೆ ವಿದೇಶಿ ಪ್ರವಾಸಿಗರ ಹಡಗುಗಳು ಮಂಗಳೂರಿಗೆ ಬರುತ್ತವೆ. ಅವು ತಂಗುವುದು ಊರಿನ ಹಳೆಯ ಬಂದರಿನಲ್ಲಲ್ಲ, 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿದ ಪಣಂಬೂರಿನ ನವಮಂಗಳೂರು ಬಂದರಿನಲ್ಲಿ. ಸಾಮಾನ್ಯವಾಗಿ ಬೆಳಗ್ಗೆ ಬಂದ ಹಡಗು ಅದೇ ಸಂಜೆ ಹೊರಡುತ್ತದೆ. ಕುದ್ರೋಳಿ ಗೋಕರ್ಣನಾಥ ದೇವಸ್ಥಾನ, ಅಲೋಶಿಯಸ್ ಚಾಪೆಲ್, ಗೋಡಂಬಿ ಕಾರ್ಖಾನೆಗಳ ಜೊತೆಗೆ ಸುಮಾರು 35 ಕಿ.ಮೀ. ಒಳನಾಡಿನ ಮೂಡುಬಿದಿರೆಯೂ ಪ್ರವಾಸಿಗರ ಪಟ್ಟಿಯಲ್ಲಿರುತ್ತದೆ. ಇರುವುದು ಒಂದೇ ಹಗಲಾದರೆ ಮೂಡುಬಿದಿರೆಯನ್ನೇ ಆರಿಸಿಕೊಳ್ಳುವುದು ಲೇಸು. ಈ ಕರಾವಳಿಯ ಕಡಲ ವ್ಯಾಪಾರದ ಗುರುತುಗಳು ಅಲ್ಲಿನ ಬಸದಿಯ ಕಲ್ಲಿನಲ್ಲೇ ಇವೆ.

ಭಗವಾನ್ ಶ್ರೀ ಚಂದ್ರನಾಥ ಸ್ವಾಮಿಯ ತ್ರಿಭುವನ ತಿಲಕ ಚೂಡಾಮಣಿ ಬಸದಿ, ಜನರ ಬಾಯಲ್ಲಿ ಸಾವಿರ ಕಂಬದ ಬಸದಿ, 1430ರ ಸುಮಾರಿಗೆ ನಿರ್ಮಾಣವಾಯಿತು. ಕಂಬಗಳ ಕೆತ್ತನೆ ನೋಡಲು ಎಲ್ಲರೂ ತಲೆ ಎತ್ತುತ್ತಾರೆ. ಭೈರಾದೇವಿ ಮಂಟಪದಲ್ಲಿ ಮಾತ್ರ ತಲೆ ಬಗ್ಗಿಸಿ ತಳಭಾಗವನ್ನು ನೋಡಬೇಕು. ಅಲ್ಲಿ ಜಿರಾಫೆ ಇದೆ, ಚೀನಾದ ಡ್ರ್ಯಾಗನ್ ಇದೆ. ಜಿರಾಫೆ ಆಫ್ರಿಕಾದ ಪ್ರಾಣಿ. ಅದರ ರೂಪ ತುಳುನಾಡಿನ ಶಿಲ್ಪಿಗೆ ತಲುಪಿದ್ದು ಕಡಲ ವ್ಯಾಪಾರದ ದಾರಿಯಿಂದಲೇ ಇರಬೇಕು.

ಇಲ್ಲಿನ ಜೈನ ಅರಸರಿಗೂ ಕಡಲಿಗೂ ನೇರ ನಂಟಿತ್ತು. ಮಂಗಳೂರಿನ ದಕ್ಷಿಣಕ್ಕೆ, ನೇತ್ರಾವತಿಯ ಆಚೆ ದಡದ ಉಳ್ಳಾಲದಲ್ಲಿ 16ನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕ ಜೈನ ಚೌಟ ಮನೆತನದವರು. ಅದೇ ಮನೆತನದ ಅರಮನೆ ಮೂಡುಬಿದಿರೆಯಲ್ಲಿದೆ. ಅದರ ಮರದ ಕಂಬದಲ್ಲಿ ಒಂಬತ್ತು ಸ್ತ್ರೀಯರು ಸೇರಿ ಆನೆಯಾಗುವ ನವನಾರಿ ಕುಂಜರದ ಕೆತ್ತನೆ ನೋಡುವಂಥದ್ದು.

ಲಕ್ಷ್ಮೇಶ್ವರದ ಶಂಖ ಬಸದಿಗೆ ನಡೆದುಕೊಳ್ಳುವ ಗದಗ, ಶಿರಹಟ್ಟಿ, ಮುಂಡರಗಿ ಕಡೆಯ ಶ್ರಾವಕರಿಗೆ ಇಲ್ಲಿನ ಇಳಿಜಾರು ಮಾಡು ಮೊದಲಿಗೆ ಬಸದಿಯದೆಂದೇ ಅನಿಸದು. ಬಯಲುಸೀಮೆಯಲ್ಲಿ ಕಲ್ಲಿನ ಮಟ್ಟಸ ಚಾವಣಿ ನಡೆಯುತ್ತದೆ; ಕರಾವಳಿಯ ಮಳೆಗೆ ನೀರು ನಿಲ್ಲದೆ ಜಾರಬೇಕು. ಒಳಗೆ ಹೋದರೆ ಜಿನಬಿಂಬ ಅದೇ, ವೀತರಾಗ ಮುದ್ರೆ ಅದೇ.

ಮೂಡುಬಿದಿರೆಯಲ್ಲಿ 18 ಬಸದಿಗಳಿವೆ. ಅರ್ಧ ದಿನದಲ್ಲಿ ಎಲ್ಲವೂ ಆಗದು. ಸಾವಿರ ಕಂಬದ ಬಸದಿಯ ನಂತರ ಶ್ರೀ ಪಾರ್ಶ್ವನಾಥ ಸ್ವಾಮಿಯ ಗುರು ಬಸದಿಗೆ ಹೋಗಲೇಬೇಕು. ಷಟ್ಖಂಡಾಗಮದ ಧವಲಾ ಟೀಕೆಯ ತಾಳೆಗರಿಗಳು ಶತಮಾನಗಳ ಕಾಲ ಇಲ್ಲಿ ಮಾತ್ರ ಉಳಿದಿದ್ದವು. ಭಾಷೆ ಪ್ರಾಕೃತ, ಸಂಸ್ಕೃತ, ಲಿಪಿ ಹಳಗನ್ನಡದ್ದು. ಇವುಗಳ ಪ್ರತಿ ಹೊರಗೆ ಬಂದ ಮೇಲೆಯೇ 1939ರಲ್ಲಿ ಮೊದಲ ಸಂಪುಟ ಅಚ್ಚಾಯಿತು. ಈ ಬಸದಿಯನ್ನು ಬಿಟ್ಟು ಹಿಂತಿರುಗುವ ಪ್ರವಾಸಿ ಗುಂಪುಗಳೇ ಹೆಚ್ಚು ಎಂಬುದು ಬೇಸರದ ಸಂಗತಿ.

ಕಾರ್ಕಳದಲ್ಲಿ 1432ರಲ್ಲಿ ಪ್ರತಿಷ್ಠೆಯಾದ 42 ಅಡಿಯ ಶ್ರೀ ಬಾಹುಬಲಿ ಸ್ವಾಮಿ ಇಲ್ಲಿಂದ 20 ಕಿ.ಮೀ.ಗೂ ಕಡಿಮೆ ದೂರ. ಬೆಳಗ್ಗೆ ಬೇಗ ಹೊರಟವರಿಗೆ ಎರಡೂ ಸಾಧ್ಯ. ಮಧ್ಯಾಹ್ನ ಹೊರಟವರು ಮೂಡುಬಿದಿರೆಯಷ್ಟಕ್ಕೇ ನಿಲ್ಲುವುದು ಒಳ್ಳೆಯದು, ಹಡಗು ಯಾರಿಗೂ ಕಾಯುವುದಿಲ್ಲ.

ಇವೆಲ್ಲ ನಿತ್ಯ ಪೂಜೆ ನಡೆಯುವ ಬಸದಿಗಳು. ಪಾದರಕ್ಷೆ, ಚರ್ಮದ ವಸ್ತುಗಳನ್ನು ಹೊರಗಿಡಬೇಕು. ಗರ್ಭಗೃಹದ ಚಿತ್ರ ತೆಗೆಯುವ ಮುನ್ನ ಕೇಳಬೇಕು. ರಾತ್ರಿಭೋಜನ ತ್ಯಾಗದ ನಿಯಮವುಳ್ಳವರು ಹಡಗಿನ ಊಟವನ್ನು ನೆಚ್ಚದೆ, ಸೂರ್ಯಾಸ್ತಕ್ಕೆ ಮೊದಲು ದಾರಿಯಲ್ಲೇ ಊಟ ಮುಗಿಸಿಕೊಂಡರೆ ಅನುಕೂಲ.