ಕಿತ್ತೂರ ನಾಡಿನ ಶೇತ್ಸನದಿಗಳು ಮತ್ತು ಅವರ ಕಾಗದಪತ್ರಗಳು

ಅರಸರ ಚರಿತ್ರೆಯನ್ನು ಸಾರುವ ಶಾಸನಗಳು ಬಹಳವಿರುವುವು. ಅರಸರಿಗಾಗಿ ಮಡಿದವರ ವೃತ್ತಾಂತವನ್ನು ಹೇಳುವವು ಸ್ವಲ್ಪವೇ. ಆದರೂ ಯೋಧನ ಹೆಸರನ್ನು ಬರೆದಿಡುವ ಪದ್ಧತಿಯು ಕನ್ನಡನಾಡಿನಲ್ಲಿ ಬಹು ಪ್ರಾಚೀನವಾದುದು. ಕ್ರಿ.ಶ. 949-50ರ ಆತಕೂರ ಶಾಸನದಲ್ಲಿ, ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಗಂಗ ಬೂತುಗನು ‘ಬಾಳ್ಗಚ್ಚು’ ಎಂಬ ದತ್ತಿಯನ್ನು ಕೊಟ್ಟ ಸಂಗತಿಯಿದೆ. ರಣದಲ್ಲಿ ಮಡಿದವನ ಮಕ್ಕಳಿಗೆ ಬಿಟ್ಟ ಭೂಮಿಗೆ ನೆತ್ತರುಗೊಡಗೆಯೆಂದೂ, ಮುಂದಿನ ಕಾಲದಲ್ಲಿ ರಕ್ತಮಾನ್ಯವೆಂದೂ ಹೆಸರಾಯಿತು. ವೀರನು ಅಳಿದರೂ ಅವನ ಹೊಲವು ಉಳಿಯಿತು. ಹೊಲದೊಡನೆ ಕಾಗದವೂ ಉಳಿಯಿತು. ಆದುದರಿಂದ ಸೈನಿಕನಾಗಿದ್ದ ಪೂರ್ವಜನನ್ನು ಅರಸುವವರು ಮೊದಲು ಹೊಲದ ಕಾಗದವನ್ನು ನೋಡತಕ್ಕದ್ದು.

ಕಿತ್ತೂರ ಸಂಸ್ಥಾನದ ಶೇತ್ಸನದಿಗಳು ಇದಕ್ಕೆ ಉತ್ತಮ ನಿದರ್ಶನ. ಇವರು ತಿಂಗಳ ಪಗಾರದ ಸಿಪಾಯಿಗಳಲ್ಲ. ಸನದಿನಿಂದ ಭೂಮಿಯನ್ನು ಪಡೆದು, ಸುಗ್ಗಿಯ ಕಾಲದಲ್ಲಿ ಒಕ್ಕಲುತನ ಮಾಡುತ್ತ, ಊರ ಕಾವಲಿಗೂ ಕೋಟೆಯ ಕಾವಲಿಗೂ ಯುದ್ಧಕ್ಕೂ ಕರೆ ಬಂದಾಗ ಆಯುಧ ಹಿಡಿದು ಹೊರಡುವವರು. ಆದ್ದರಿಂದ ಅವರ ಹೆಸರುಗಳನ್ನು ದಂಡಿನ ಪಟ್ಟಿಯಲ್ಲಿ ಮಾತ್ರ ಹುಡುಕಿದರೆ ಸಾಲದು. ಕುಲಕರ್ಣಿಯ ಲೆಕ್ಕದಲ್ಲಿಯೂ ಹುಡುಕಬೇಕು.

ಅಂತಹವರಲ್ಲಿ ಸಂಗೊಳ್ಳಿಯ ರಾಯಣ್ಣನ ಹೆಸರು ಲೋಕವಿಖ್ಯಾತವಾಗಿದೆ. 1824ರ ಸೆಪ್ಟೆಂಬರದಲ್ಲಿ ಶಿವಲಿಂಗ ರುದ್ರಸರ್ಜ ದೇಸಾಯಿಯವರು ನಿಧನರಾದ ಮೇಲೆ, ದತ್ತಕವನ್ನು ಕಂಪನಿಯವರು ಒಪ್ಪಲಿಲ್ಲ. ಅಕ್ಟೋಬರ 23ರ ಕಾಳಗದಲ್ಲಿ ಧಾರವಾಡದ ಕಲೆಕ್ಟರ ಥ್ಯಾಕರೆಯು ಮಡಿದನು. ಡಿಸೆಂಬರದಲ್ಲಿ ಕೋಟೆಯು ಬಿದ್ದಿತು. ರಾಣಿ ಚೆನ್ನಮ್ಮನವರು ಬೈಲಹೊಂಗಲದಲ್ಲಿ ಬಂದಿಯಾಗಿ 1829ರಲ್ಲಿ ಲಿಂಗೈಕ್ಯರಾದರು. ಸನದಿನ ಹೊಲಗಳ ಮೇಲೆ ಕಂಪನಿಯ ಕರಭಾರ ಬಿದ್ದಿತು. ಆಗ ರಾಯಣ್ಣನು ತನ್ನಂತಹ ಒಕ್ಕಲು-ಭಟರನ್ನು ಕೂಡಿಸಿಕೊಂಡು, ದತ್ತಕಪುತ್ರನನ್ನು ಗದ್ದುಗೆಗೆ ತರಬೇಕೆಂದು ಹೊರಟನು. 1830ರ ಆರಂಭದಲ್ಲಿ ಬೀಡಿಯ ಕಚೇರಿಯು ಸುಟ್ಟಿತು. ಕಚೇರಿಯನ್ನು ಸುಟ್ಟುದೇಕೆಂಬುದನ್ನು ವಿಚಾರಿಸಬೇಕು. ರೈತನ ಹೊಲವನ್ನು ಕಸಿದ ಬರಹವಿದ್ದುದು ಅಲ್ಲಿಯೇ! ಅದೇ ವರುಷದ ಏಪ್ರಿಲದಲ್ಲಿ ತನ್ನವರೆಂಬವರಿಂದಲೇ ವಂಚಿತನಾಗಿ ಅವನು ಸೆರೆ ಸಿಕ್ಕನು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಲ್ಪಟ್ಟನು.

ಈ ಒಬ್ಬನ ಬಾಳು ಎರಡು ಬಗೆಯ ಆಧಾರಗಳಲ್ಲಿ ಎರಡು ಬಗೆಯಾಗಿ ಕಾಣುವುದು. ಕಂಪನಿಯ ಕಾಗದಗಳಿಗೆ ಅವನು ದಂಗೆಕೋರನು; ಲಾವಣಿ, ಗೀಗಿ ಪದಗಳಿಗೆ ವೀರನು. ಆದರೆ ಹಗೆಯ ಬರಹವೆಂದು ಮೊದಲಿನದನ್ನು ಬಿಸುಡಲಾಗದು. ಕಾಲ, ಸ್ಥಳಗಳನ್ನು ನಿಶ್ಚಯಿಸುವುದಕ್ಕೆ ಅದೇ ಬೇಕು. ಹಾಡು ಮನಸ್ಸನ್ನು ಹೇಳುವುದು, ದಫ್ತರವು ದಿನವನ್ನು ಹೇಳುವುದು. ಎರಡನ್ನೂ ಕೂಡಿಸಿ ಓದಿದವನಿಗೆ ಮಾತ್ರ ಮನುಷ್ಯನು ಕಾಣುವನು.

ಹೆಸರಾಗದೆ ಹೋದ ಉಳಿದ ಭಟರನ್ನು ಅರಸಲು ಮತ್ತೊಂದು ದಾರಿಯುಂಟು. 1852ರ ಕಾನೂನಿನ ಮೇರೆಗೆ ಮುಂಬಯಿ ಸರಕಾರವು ಇನಾಮು ಕಮಿಶನ್ನನ್ನು ನಡೆಸಿ, ಮಾನ್ಯದಾರರೆಲ್ಲರೂ ತಮ್ಮ ಹಕ್ಕನ್ನು ಸಿದ್ಧಪಡಿಸಬೇಕೆಂದು ವಿಧಿಸಿತು. ಸನದು ತೋರಿಸಲಾರದ ಅನೇಕರು ಹೊಲ ಕಳೆದುಕೊಂಡರು. ಜನರಿಗೆ ಅದು ದೊಡ್ಡ ಸಂಕಟವಾಯಿತು. ಆದರೆ ಆ ಸಂಕಟದಲ್ಲಿಯೇ ಮನೆಮನೆಯವರು ವಂಶಾವಳಿ ಬರೆಯಿಸಿ, ಯಾವ ಪೂರ್ವಜನಿಗೆ ಯಾವ ಸೇವೆಗಾಗಿ ಭೂಮಿ ದೊರೆಯಿತೆಂದು ಕೈಫಿಯತ್ತು ಕೊಟ್ಟರು. ನೊಂದವರ ಆ ಬರಹಗಳೇ ಇಂದಿನವರಿಗೆ ಆಧಾರಗಳಾದುವು.

ಮನೆಯ ಕಡೆಯಿಂದ ಹೆಳವರ ಸಾಕ್ಷಿಯುಂಟು. ಎತ್ತನ್ನೇರಿ ಮನೆಬಾಗಿಲಿಗೆ ಬಂದು, ತಲೆತಲಾಂತರದ ಹೆಸರುಗಳನ್ನು ಒಪ್ಪಿಸಿ ಕಾಳು ಪಡೆದು ಹೋಗುವ ಇವರಲ್ಲಿ, ಮನೆಯವರೇ ಮರೆತ ಅಜ್ಜ, ಮುತ್ತಜ್ಜಂದಿರ ಹೆಸರು ಉಳಿದಿರುವುದುಂಟು. ಹೆಳವನು ಹೇಳಿದ ಹೆಸರೂ ಕೈಫಿಯತ್ತಿನ ಹೆಸರೂ ಊರ ಹೊಲದ ಹೆಸರೂ ಒಂದಾದರೆ, ಅಲ್ಲಿ ಸಂಶಯಕ್ಕೆ ಎಡೆ ಕಡಿಮೆ.

ಕಾಗದಗಳನ್ನು ಓದುವುದು ಸುಲಭವಲ್ಲ. ಬಹುಪಾಲು ಮೋಡಿ ಲಿಪಿಯಲ್ಲಿರುವುವು. ಕಾಲಗಣನೆಯೂ ಬೇರೆ. ಶಕವರ್ಷಕ್ಕೆ 78, ದಖ್ಖನದ ಫಸಲಿಗೆ 590, ಶುಹೂರ ಸನ್ನಿಗೆ 599 ಕೂಡಿಸಿದರೆ ಸ್ಥೂಲವಾಗಿ ಕ್ರಿಸ್ತವರ್ಷ ಬರುವುದು. ಹೀಗೆ ಶಕ 1752, ಫಸಲಿ 1240, ಶುಹೂರ 1231 ಇವು ಮೂರೂ 1830ನ್ನು ಮುಟ್ಟುವುವು. ಇದನ್ನರಿಯದೆ ಎಣಿಸಿದರೆ ಮಗನು ತಂದೆಗಿಂತ ಮೊದಲೇ ಹುಟ್ಟಿದಂತಾಗುವುದು!

ಕೊನೆಗೆ ಒಂದು ಕಠಿನವಾದ ಮಾತು. ರಾಯಣ್ಣನೊಡನೆ ಹೋರಿದವರ ಮನೆಗಳಿದ್ದಂತೆ, ಅವನನ್ನು ಹಿಡಿದುಕೊಟ್ಟು ಬಹುಮಾನ ಪಡೆದವರ ಮನೆಗಳೂ ಇದ್ದುವು. ಕಡತವನ್ನು ಬಿಚ್ಚಿದವನಿಗೆ ತನ್ನ ಹಿರಿಯನು ಯಾವ ಪಂಕ್ತಿಯಲ್ಲಿ ಕಾಣಿಸುವನೆಂಬುದು ಮೊದಲೇ ತಿಳಿಯದು. ಅಪ್ರಿಯವಾದುದು ಕಂಡಿತೆಂದು ಕಾಗದವನ್ನು ಸುಡುವುದೂ, ಪ್ರಿಯವಾಗಲೆಂದು ಇಲ್ಲದ ಶೌರ್ಯವನ್ನು ಕಟ್ಟುವುದೂ ಸಮಾನವಾದ ಅಸತ್ಯಗಳು. ಹಿರಿಯರ ಪಾಪವು ಮಕ್ಕಳಿಗೆ ಅಂಟದು. ಸುಳ್ಳು ನುಡಿದರೆ ಅದು ನುಡಿದವನದೇ ಆಗುವುದು.

ಜಂತಿಯ ಸಂದಿಯಲ್ಲಿ, ದೇವರಮನೆಯ ಪೆಟ್ಟಿಗೆಯಲ್ಲಿ, ಗೆದ್ದಲಿಗೆ ಆಹಾರವಾಗುತ್ತಿರುವ ಸನದುಗಳು ಸದ್ಭಕ್ತರ ಮನೆಗಳಲ್ಲಿ ಇನ್ನೂ ಇರಬಹುದು. ಅವನ್ನು ಬಿಸಿಲು ತೋರಿಸಿ, ಬಲ್ಲವರಿಂದ ಓದಿಸಿ, ನಕಲು ಮಾಡಿಸಿಡುವುದು ಪಿತೃಋಣದ ಒಂದು ಭಾಗವೇ ಆಗಿದೆ. ನಂದಗಡದಲ್ಲಿ ಪ್ರಾಣವಿತ್ತವನಿಗೆ ಲಾವಣಿಯು ದೊರೆಯಿತು. ಅವನ ಬೆನ್ನಿಗೆ ನಿಂತ ಹೆಸರಿಲ್ಲದವರಿಗೆ ಆ ಕಾಗದದ ತುಂಡೊಂದೇ ವೀರಗಲ್ಲು.