ಅಳತೆ ಯಾವುದು, ಉತ್ತರ ಯಾವುದು: ಮಾಸ್ಕ್, ಕಠಿಣ ವ್ಯಾಯಾಮ ಮತ್ತು ಹೈದರಾಬಾದಿನ ಉಸಿರಾಟ ಸಂಶೋಧನೆ

ಮಾಸ್ಕ್ ತೊಟ್ಟು ಏದುಸಿರು ಬರುವಂತೆ ದುಡಿದರೆ ದೇಹದ ಕಸುವು ಕುಗ್ಗುತ್ತದೆಯೇ? 2020ರಲ್ಲಿ ಈ ಪ್ರಶ್ನೆಗೆ ಕೆಲವೇ ತಿಂಗಳುಗಳ ಅಂತರದಲ್ಲಿ ಒಂದಕ್ಕೊಂದು ಹೊಂದದ ಉತ್ತರಗಳು ಬಂದವು. ಒಂದು ಪ್ರಯೋಗಾಲಯ ಕುಗ್ಗುತ್ತದೆ ಎಂದಿತು, ಇನ್ನೊಂದು ಏನೂ ಆಗುವುದಿಲ್ಲ ಎಂದಿತು. ಎರಡೂ ಕಡೆ ಇದ್ದವರು ಪಳಗಿದ ಸಂಶೋಧಕರೇ. ಈ ಭಿನ್ನತೆ ಹುಟ್ಟಿದ್ದು ಮುಖ್ಯವಾಗಿ ಅವರು ಯಾವುದನ್ನು, ಯಾವ ಸಲಕರಣೆಯಿಂದ ಅಳೆದರು ಎಂಬುದರಿಂದ ಎಂದು ಈ ಲೇಖನ ವಾದಿಸುತ್ತದೆ. ಅದನ್ನು ತಿಳಿಯಲು ಹೈದರಾಬಾದಿಗೆ ಹೋಗಬೇಕು. ಉಸಿರನ್ನು ಅಳೆಯುವ ಕೆಲಸದಲ್ಲಿ ಆ ಊರಿಗೆ ನೂರಮೂವತ್ತು ವರ್ಷಕ್ಕೂ ಮೀರಿದ ಅನುಭವವಿದೆ.

ನಿಜಾಮರ ಹಣ, ಕ್ಲೋರೋಫಾರ್ಮಿನ ಬಟ್ಟೆ

ಎಡ್ವರ್ಡ್ ಲಾರಿ ಹೈದರಾಬಾದಿನ ರೆಸಿಡೆನ್ಸಿ ಸರ್ಜನ್, ಅಲ್ಲಿನ ವೈದ್ಯಕೀಯ ಶಾಲೆಯ ಮುಖ್ಯಸ್ಥ. ಎಡಿನ್‌ಬರೋದಲ್ಲಿ ಸೈಮ್ ಎಂಬ ಶಸ್ತ್ರವೈದ್ಯನ ಕೈಕೆಳಗೆ ಕಲಿತವನು. ಕ್ಲೋರೋಫಾರ್ಮ್ ಕೊಡುವಾಗ ನಾಡಿ ನೋಡುತ್ತ ಕೂರಬಾರದು, ಉಸಿರನ್ನೇ ಗಮನಿಸಬೇಕು ಎಂಬುದು ಗುರುವಿನಿಂದ ಬಂದ ನಂಬಿಕೆ. ಅದನ್ನು ಸಾಧಿಸಿ ತೋರಿಸಲು 1888ರಲ್ಲಿ ಮೊದಲ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗ ನಾಯಿಗಳ ಮೇಲೆ ಪ್ರಯೋಗ ನಡೆಸಿತು. ಉಸಿರು ಮೊದಲು ನಿಲ್ಲುತ್ತದೆ, ಗುಂಡಿಗೆ ಆಮೇಲೆ ಎಂದು ತೀರ್ಮಾನಿಸಿತು. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಒಪ್ಪಲಿಲ್ಲ. ಆಗ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ 1000 ಪೌಂಡ್ ಕೊಟ್ಟು, ನಿಮ್ಮವರೇ ಒಬ್ಬರು ಬಂದು ನೋಡಲಿ ಎಂದು ವ್ಯವಸ್ಥೆ ಮಾಡಿದರು. 1889ರ ಅಕ್ಟೋಬರಿನಲ್ಲಿ ಪತ್ರಿಕೆಯ ಪ್ರತಿನಿಧಿಯಾಗಿ ಲಾಡರ್ ಬ್ರಂಟನ್ ಹೈದರಾಬಾದಿಗೆ ಬಂದಿಳಿದ. ವರ್ಷ ಮುಗಿಯುವುದರೊಳಗೆ ಎರಡನೆಯ ಆಯೋಗ ನಾನೂರಕ್ಕೂ ಹೆಚ್ಚು ಪ್ರಾಣಿಗಳ ಮೇಲೆ ಪ್ರಯೋಗ ಮುಗಿಸಿ, ಮೊದಲ ಆಯೋಗದ ಮಾತನ್ನೇ ಎತ್ತಿಹಿಡಿಯಿತು.

ಆಯೋಗದ ತೀರ್ಮಾನ ಪೂರ್ತಿ ನಿಲ್ಲಲಿಲ್ಲ. 1911ರಲ್ಲಿ ಗುಡ್‌ಮನ್ ಲೆವಿ ಬೆಕ್ಕುಗಳ ಮೇಲೆ ನಡೆಸಿದ ಪ್ರಯೋಗಗಳು, ಕ್ಲೋರೋಫಾರ್ಮಿನ ಮಂಪರು ಹಗುರವಾಗಿರುವಾಗಲೇ ಹೃದಯದ ಕುಹರಗಳು ಲಯ ತಪ್ಪಿ ಕಂಪಿಸುತ್ತ ಸಾವು ಬರಬಹುದೆಂದು ತೋರಿಸಿದವು. ಹೈದರಾಬಾದಿನಲ್ಲಿ ಪ್ರಾಣಿಗಳಿಗೆ ಹೆಚ್ಚಾಗಿ ಮಿತಿಮೀರಿದ ಕ್ಲೋರೋಫಾರ್ಮ್ ಕೊಟ್ಟಿದ್ದರು. ಮಿತಿಮೀರಿದಾಗ ಉಸಿರು ಮೊದಲು ನಿಲ್ಲುವುದು ನಿಜ. ಪ್ರಯೋಗ ಸುಳ್ಳಲ್ಲ, ಅದು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿತ್ತು. ಆಸ್ಪತ್ರೆಯ ಮೇಜಿನ ಮೇಲಿನ ಪ್ರಶ್ನೆ ಬೇರೆಯದಾಗಿತ್ತು. ಆದರೂ ಉಸಿರಾಟದ ಮೇಲೆ ಕಣ್ಣಿಡಿ ಎಂಬ ಆಯೋಗದ ಎಚ್ಚರಿಕೆ ಅನೇಕ ಜೀವಗಳನ್ನು ಕಾಯುವಂಥದ್ದಾಗಿತ್ತು ಎಂಬುದು ನನ್ನ ನಂಬಿಕೆ.

ತಾರ್ನಾಕಾದ ಲೆಕ್ಕ

ಉಸಿರಿನಿಂದ ದುಡಿಮೆಯನ್ನು ಅಳೆಯುವ ವಿದ್ಯೆ ಇದಾದ ಮೇಲೆ ಬೆಳೆಯಿತು. 1911ರಲ್ಲಿ ಆಕ್ಸ್‌ಫರ್ಡಿನ ಸಿ. ಜಿ. ಡಗ್ಲಸ್ ಬಿಟ್ಟ ಉಸಿರನ್ನೆಲ್ಲ ತುಂಬಿಕೊಳ್ಳುವ ಚೀಲವೊಂದನ್ನು ರೂಪಿಸಿದ. ಬಾಯಿಗೆ ಕೊಳವೆ ಅಥವಾ ಗವಸು, ಬೆನ್ನಿಗೆ ಚೀಲ. ಚೀಲದಲ್ಲಿ ಎಷ್ಟು ಗಾಳಿ ಇದೆ, ಅದರಲ್ಲಿ ಆಮ್ಲಜನಕ ಎಷ್ಟು ಕಡಿಮೆಯಾಗಿದೆ ಎಂದು ನೋಡಿದರೆ, ಆ ಮನುಷ್ಯ ಎಷ್ಟು ಶಕ್ತಿ ವ್ಯಯಿಸಿದ ಎಂಬುದು ಸಿಗುತ್ತದೆ. ಮುಂದೆ ಜರ್ಮನಿಯಲ್ಲಿ ಬೆನ್ನಿಗೆ ಕಟ್ಟಿಕೊಂಡೇ ಓಡಾಡಬಹುದಾದ ಗಾಳಿಮಾಪಕ ಬಂತು. ಎಂದರೆ, ಮುಖಕ್ಕೆ ಗವಸು ಹಾಕಿ ಮನುಷ್ಯನನ್ನು ಬೆವರುವಂತೆ ದುಡಿಸುವುದು ಶರೀರಕ್ರಿಯಾ ವಿಜ್ಞಾನಕ್ಕೆ ಹಳೆಯ ಸಂಗತಿ.

ಭಾರತದಲ್ಲಿ ಈ ಲೆಕ್ಕಕ್ಕೆ ಮನೆಯಾದದ್ದು ರಾಷ್ಟ್ರೀಯ ಪೋಷಣಾ ಸಂಸ್ಥೆ. ರಾಬರ್ಟ್ ಮೆಕ್‌ಕ್ಯಾರಿಸನ್ 1918ರಲ್ಲಿ ಕೂನೂರಿನಲ್ಲಿ ಆರಂಭಿಸಿದ ಕೆಲಸ 1958ರಲ್ಲಿ ಹೈದರಾಬಾದಿನ ತಾರ್ನಾಕಾಕ್ಕೆ ಬಂತು. 1969ರಲ್ಲಿ ಈಗಿನ ಹೆಸರು ಪಡೆಯಿತು. 1960ರ ದಶಕದಲ್ಲಿ ಇಲ್ಲಿನವರು ಕಲ್ಲು ಒಡೆಯುವವರ, ಹೊಲದ ಕೂಲಿಗಳ ಶಕ್ತಿವ್ಯಯವನ್ನು ಅಳೆದು ಪ್ರಕಟಿಸಿದರು. ಕೃಷಿ ಕೂಲಿಕಾರರ ಕುರಿತ 1966ರ ಲೇಖನದ ಕರ್ತೃಗಳು ರಮಣಮೂರ್ತಿ ಮತ್ತು ಬೆಳವಡಿ. ಪಶ್ಚಿಮದ ಪ್ರಯೋಗಾಲಯಗಳು ಅನೇಕ ಬಾರಿ ವಿದ್ಯಾರ್ಥಿಗಳನ್ನೂ ಸೈನಿಕರನ್ನೂ ಕ್ರೀಡಾಪಟುಗಳನ್ನೂ ಆಯ್ದುಕೊಳ್ಳುತ್ತಿದ್ದಾಗ, ಕೂಲಿಯವನ ಮೈಯನ್ನು ಅಧ್ಯಯನಕ್ಕೆ ಯೋಗ್ಯವೆಂದು ಎಣಿಸಿದ್ದು ಈ ಸಂಸ್ಥೆಯ ಹಿರಿಮೆ.

1977ರಲ್ಲಿ ಇದೇ ಸಂಸ್ಥೆಯ ಸತ್ಯನಾರಾಯಣ, ನರಸಿಂಗ ರಾವ್ ಮತ್ತವರ ಜೊತೆಗಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸ್ಫೋಟಕದ ಫ್ಯೂಸ್ ತಯಾರಿಸುವ ಕಾರ್ಖಾನೆಯ ಕೆಲಸಗಾರರನ್ನು ತೆಗೆದುಕೊಂಡು, ಅವರು ನಿಜವಾಗಿ ಎಷ್ಟು ತಯಾರಿಸಿದರು ಎಂಬುದನ್ನೇ ಲೆಕ್ಕ ಹಾಕಿದರು. ದೇಹದ ತೂಕ ಹೆಚ್ಚಿದ್ದವರ ಉತ್ಪಾದನೆಯೂ ಹೆಚ್ಚು ಎಂದು ಕಂಡಿತು. ಉಸಿರಿನಿಂದ ಊಹಿಸುವ ಬದಲು ಆದ ಕೆಲಸವನ್ನೇ ಎಣಿಸುವ ಈ ಕ್ರಮ 2020ರ ಗೊಂದಲಕ್ಕೆ ನೇರವಾಗಿ ಸಂಬಂಧಿಸಿದ್ದು.

2020

ದೇಶದಲ್ಲಿ ದಾಖಲಾದ ಮೊದಲ ಕೋವಿಡ್ ಸಾವು ಮಾರ್ಚ್ 10ರದ್ದು. ಹೈದರಾಬಾದಿನ ಆಸ್ಪತ್ರೆಗೆ ಹೋಗಿ ಕಲಬುರಗಿಗೆ ಮರಳುತ್ತಿದ್ದ ಹಿರಿಯರೊಬ್ಬರದು. ಮೇ ತಿಂಗಳಿಗೆ ತೆಲಂಗಾಣದಲ್ಲಿ ಮಾಸ್ಕ್ ಹಾಕದಿದ್ದರೆ 1000 ರೂಪಾಯಿ ದಂಡ. ಅದೇ ಹೊತ್ತಿಗೆ ಚೀನಾದಲ್ಲಿ ಮಾಸ್ಕ್ ತೊಟ್ಟು ಓಡುತ್ತಿದ್ದ ಶಾಲಾ ಹುಡುಗರು ಕುಸಿದು ಸತ್ತರೆಂಬ ಸುದ್ದಿ ಹರಡಿತ್ತು. ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ವ್ಯಾಯಾಮದ ವೇಳೆ ಮಾಸ್ಕ್ ಬೇಡ, ಕನಿಷ್ಠ 1 ಮೀಟರ್ ಅಂತರವಿರಲಿ ಎಂದಿತು. ಬೆವರಿಗೆ ಮಾಸ್ಕ್ ಬೇಗ ಒದ್ದೆಯಾಗಿ ಉಸಿರಾಡುವುದು ಕಷ್ಟವಾಗುತ್ತದೆ ಎಂಬುದು ಅದು ಕೊಟ್ಟ ಕಾರಣಗಳಲ್ಲೊಂದು.

ಆ ಜೂನ್‌ನಲ್ಲೇ ಮಣಿಪಾಲದಿಂದ ಒಂದು ಲೇಖನ ಹೊರಬಿತ್ತು. ಬಾಸ್ಕರನ್ ಚಂದ್ರಶೇಖರನ್ ಮತ್ತು ಶಿಫ್ರಾ ಫರ್ನಾಂಡಿಸ್ ‘ಮೆಡಿಕಲ್ ಹೈಪಾಥಿಸಿಸ್’ ಪತ್ರಿಕೆಯಲ್ಲಿ ಬರೆದದ್ದು ಅದು. ಮಾಸ್ಕ್ ತೊಟ್ಟು ವ್ಯಾಯಾಮ ಮಾಡಿದರೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ, ಇಂಗಾಲದ ಡೈಆಕ್ಸೈಡ್ ಏರಿ ರಕ್ತ ಆಮ್ಲೀಯವಾಗುತ್ತದೆ, ಹೃದಯದ ಮೇಲೂ ಮೂತ್ರಪಿಂಡದ ಮೇಲೂ ಹೊರೆ ಬೀಳುತ್ತದೆ, ಆದ್ದರಿಂದ ಅಂತರ ಕಾಯ್ದುಕೊಳ್ಳುವುದೇ ಮೇಲು ಎಂಬುದು ಅವರ ವಾದ. ಲೇಖಕರು ಇದನ್ನು ಊಹೆಯೆಂದೇ ಮುಂದಿಟ್ಟಿದ್ದರು. ಪತ್ರಿಕೆಯ ಹೆಸರಿನಲ್ಲೇ ಆ ಮಾತಿದೆ. ಹಾಗಿದ್ದೂ ಊಹೆಯನ್ನು ಸಾಬೀತಾದ ಸಂಗತಿಯೆಂದು ಓದುವವರು ಎಲ್ಲ ಕಾಲಕ್ಕೂ ಇರುತ್ತಾರೆ. ಊಹೆಯನ್ನು ಒರೆಗೆ ಹಚ್ಚುವ ಪ್ರಯೋಗಗಳು ಬೇಗನೆ ಬಂದವು.

ಜರ್ಮನಿಯ ಲೈಪ್ಜಿಗ್‌ನಲ್ಲಿ ಫಿಕೆನ್ಜರ್ ತಂಡ 12 ಮಂದಿ ಆರೋಗ್ಯವಂತ ಗಂಡಸರನ್ನು ಸೈಕಲ್ ತುಳಿಸಿತು. ಎನ್-95ಕ್ಕೆ ಸಮನಾದ ಎಫ್‌ಎಫ್‌ಪಿ-2 ಮಾಸ್ಕ್ ತೊಟ್ಟಾಗ ಗರಿಷ್ಠ ಆಮ್ಲಜನಕ ಬಳಕೆ ಶೇ. 13ರಷ್ಟು, ತುಳಿದ ಗರಿಷ್ಠ ಶಕ್ತಿ ಶೇ. 5ರಷ್ಟು ಇಳಿಯಿತು. ಅಮೆರಿಕದಲ್ಲಿ ಡ್ರೈವರ್ ಎಂಬ ಸಂಶೋಧಕರ ತಂಡ 31 ಮಂದಿಯನ್ನು ಬಟ್ಟೆಯ ಮಾಸ್ಕ್ ಹಾಕಿಸಿ ಟ್ರೆಡ್‌ಮಿಲ್ ಮೇಲೆ ಓಡಿಸಿದಾಗ ತಾಳಿಕೊಂಡ ಹೊತ್ತು ಶೇ. 14, ಆಮ್ಲಜನಕ ಬಳಕೆ ಶೇ. 29 ಇಳಿಯಿತು. ಇತ್ತ ಇಸ್ರೇಲಿನ ಎಪ್‌ಸ್ಟೈನ್ ತಂಡದ 16 ಮಂದಿ ಎನ್-95 ಹಾಕಿಕೊಂಡೂ ಬರಿಮುಖದಲ್ಲಿದ್ದಾಗಿನಷ್ಟೇ ಹೊತ್ತು ತುಳಿದರು. ಬಿಟ್ಟ ಉಸಿರಿನ ಕೊನೆಯಲ್ಲಿನ ಇಂಗಾಲದ ಡೈಆಕ್ಸೈಡ್ ಮಾತ್ರ ತುಸು ಏರಿತ್ತು. ಕೆನಡಾದ ಸಸ್ಕಾಚೆವಾನ್ ವಿಶ್ವವಿದ್ಯಾಲಯದ ಶಾ ತಂಡದ 14 ಮಂದಿಯಲ್ಲೂ ತಾಳಿಕೆ ಕುಗ್ಗಲಿಲ್ಲ, ರಕ್ತದಲ್ಲಿನ ಆಮ್ಲಜನಕವೂ ಸ್ನಾಯುವಿನಲ್ಲಿನ ಆಮ್ಲಜನಕವೂ ಇಳಿಯಲಿಲ್ಲ.

ಈ ನಾಲ್ಕನ್ನು ಪಕ್ಕಪಕ್ಕ ಇಟ್ಟಾಗ ಒಂದು ಅಂಶ ಎದ್ದು ಕಾಣುತ್ತದೆ. ನಷ್ಟ ಕಂಡ ಎರಡೂ ಪ್ರಯೋಗಗಳಲ್ಲಿ ಮಾಸ್ಕಿನ ಮೇಲೆ ಇನ್ನೊಂದು ಅಳತೆಯ ಗವಸನ್ನು ಬಿಗಿದಿದ್ದರು. ನಷ್ಟ ಕಾಣದ ಎರಡರಲ್ಲಿ ಅಂಥ ಗವಸು ಇರಲಿಲ್ಲ. ಬೆರಳಿಗೆ ಹಾಕುವ ಆಕ್ಸಿಮೀಟರ್‌ನಂಥ ಸಲಕರಣೆಗಳಿಂದ ನೋಡಿದರು. ಎರಡು ಪದರದ ಬಿಗಿತ ಉಸಿರಿನ ತಡೆಯನ್ನು ಹೆಚ್ಚಿಸಬಹುದು. ಮೇಲಿನ ಗವಸು ಬಟ್ಟೆಯ ಮೇಲೆ ಸರಿಯಾಗಿ ಕೂರದೆ ಗಾಳಿ ಸೋರಿದರೆ, ಬಳಸಿದ ಆಮ್ಲಜನಕದ ಒಂದು ಪಾಲು ಯಂತ್ರದ ಲೆಕ್ಕಕ್ಕೇ ಬರುವುದಿಲ್ಲ. ಲೈಪ್ಜಿಗ್‌ನ ಅಂಕಿಗಳೇ ಈ ಅನುಮಾನ ಹುಟ್ಟಿಸುತ್ತವೆ. ಸೈಕಲ್ ತುಳಿಯುವಾಗ ಶಕ್ತಿ ಮತ್ತು ಆಮ್ಲಜನಕ ಬಹುಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ. ಆಮ್ಲಜನಕ ನಿಜವಾಗಿಯೂ ಶೇ. 13 ಕಡಿಮೆಯಾಗಿದ್ದರೆ ಶಕ್ತಿ ಬರಿಯ ಶೇ. 5 ಇಳಿದು ನಿಲ್ಲುವುದು ಕಷ್ಟ. ಟ್ರೆಡ್‌ಮಿಲ್‌ನ ಏರುಹೊರೆಯಲ್ಲಿ ಕೊನೆಯ ನಿಮಿಷಗಳೇ ಅತಿ ಭಾರವಾದ್ದರಿಂದ ಅಮೆರಿಕದ ಅಂಕಿಗಳ ಬಗ್ಗೆ ಅಷ್ಟು ಖಚಿತವಾಗಿ ಹೇಳಲಾರೆ. ಆದರೂ ಆಮ್ಲಜನಕದ ಅಂಕಿಗಿಂತ ಮಾಡಿದ ಕೆಲಸದ ಅಂಕಿಯನ್ನೇ ನಂಬಬೇಕು ಎಂಬುದು ನನ್ನ ನಿಲುವು. ತಾರ್ನಾಕಾದ 1977ರ ಅಧ್ಯಯನ ಹಿಡಿದದ್ದೂ ಅದೇ ದಾರಿ.

2021ರಲ್ಲಿ 22 ಅಧ್ಯಯನಗಳ 620 ಮಂದಿಯ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆ ಇದಕ್ಕೆ ಒತ್ತಾಸೆ ಕೊಟ್ಟಿತು: ಸರ್ಜಿಕಲ್ ಅಥವಾ ಎನ್-95 ಮಾಸ್ಕಿನಿಂದ ಸಾಮರ್ಥ್ಯ ಕುಗ್ಗುವುದು ಕಾಣಲಿಲ್ಲ, ಆದರೆ ಆಯಾಸದ ಅನುಭವವೂ ಏದುಸಿರೂ ಹೆಚ್ಚಿದವು.

ಈ ಏದುಸಿರು ಮನಸ್ಸಿನ ಭ್ರಮೆಯಲ್ಲ. ಸುಮ್ಮನೆ ಕೂತಾಗ ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿ ಸಾಕು. ಕಠಿಣ ವ್ಯಾಯಾಮದಲ್ಲಿ 100 ಲೀಟರ್ ದಾಟುತ್ತದೆ. ಉಸಿರು ಏರಿಳಿಯುವುದರಿಂದ ಕ್ಷಣದ ಗರಿಷ್ಠ ಹರಿವು ನಿಮಿಷದ ಸರಾಸರಿಯ ಸುಮಾರು ಮೂರು ಪಟ್ಟು. ಅಮೆರಿಕದ ನಿಯಮದ ಪ್ರಕಾರ ಎನ್-95 ಮಾಸ್ಕಿನ ತಡೆಯನ್ನು ಪರೀಕ್ಷಿಸುವುದು ನಿಮಿಷಕ್ಕೆ 85 ಲೀಟರ್ ಹರಿವಿನಲ್ಲಿ. ಎಳೆಯುವಾಗ 35 ಮಿಲಿಮೀಟರ್ ನೀರಿನ ಒತ್ತಡಕ್ಕಿಂತ ಹೆಚ್ಚು ತಡೆ ಇರಬಾರದು. ನಡೆಯುವವನಿಗೆ ಇದು ಸರಿಯಾದ ಪರೀಕ್ಷೆ. ಸ್ಪ್ರಿಂಟ್ ಓಡುವವನ ಉಸಿರು ಈ ಹರಿವನ್ನು ಎಷ್ಟೋ ಪಟ್ಟು ಮೀರುತ್ತದೆ. ಜೊತೆಗೆ ಮುಖದ ಚರ್ಮಕ್ಕೆ ತಂಪು ಗಾಳಿ ತಾಗಿದರೆ ಏದುಸಿರಿನ ಸಂಕಟ ತಗ್ಗುತ್ತದೆ ಎಂಬುದು 1980ರ ದಶಕದಿಂದ ತಿಳಿದ ವಿಷಯ. ಮಾಸ್ಕ್ ಆ ತಂಪನ್ನೇ ತಡೆಯುತ್ತದೆ. ಉಷ್ಣಾಂಶ 40 ಡಿಗ್ರಿ ದಾಟುವ ಹೈದರಾಬಾದಿನ ಮೇ ತಿಂಗಳಿನಲ್ಲಿ, ಬೆವರಿಗೆ ನೆನೆದ ಬಟ್ಟೆಯೊಳಗೆ, ಹವಾನಿಯಂತ್ರಿತ ಪ್ರಯೋಗಾಲಯದ ಫಲಿತಾಂಶ ಹಾಗೆಯೇ ಸಲ್ಲುತ್ತದೆ ಎನ್ನಲಾಗದು.

2020ರ ಆಗಸ್ಟ್ 3ರಂದು ಕೇಂದ್ರ ಆರೋಗ್ಯ ಸಚಿವಾಲಯ ಜಿಮ್‌ಗಳಿಗೆ ಹೊರಡಿಸಿದ ಸೂಚನೆ ನಡುದಾರಿ ಹಿಡಿಯಿತು: ಒಳಗೆ ಸದಾ ಮಾಸ್ಕ್ ಇರಲಿ, ವ್ಯಾಯಾಮ ಮಾಡುವಾಗ ಸಾಧ್ಯವಾದಷ್ಟು ಮುಖದ ಮುಂದಿನ ಪಾರದರ್ಶಕ ಫಲಕ ಸಾಕು, ಎನ್-95ನಿಂದ ಉಸಿರಾಟಕ್ಕೆ ತೊಂದರೆಯಾಗಬಹುದು, ಆಮ್ಲಜನಕದ ಮಟ್ಟ ಶೇ. 95ಕ್ಕಿಂತ ಕಡಿಮೆ ಇದ್ದವರನ್ನು ವ್ಯಾಯಾಮಕ್ಕೆ ಬಿಡಬೇಡಿ. ಅದೇ ವಾರ ಗಚ್ಚಿಬೌಲಿಯ ಗೋಪಿಚಂದ್ ಬ್ಯಾಡ್ಮಿಂಟನ್ ಅಕಾಡೆಮಿಯಲ್ಲಿ ಒಲಿಂಪಿಕ್ಸ್ ಆಕಾಂಕ್ಷಿಗಳ ತರಬೇತಿ ಮತ್ತೆ ಶುರುವಾಯಿತು. ಸರಾಗ ಉಸಿರಾಟಕ್ಕೆ ಫಲಕ ಸರಿಯೇ, ಸೋಂಕಿನ ತಡೆಗೆ ಸಾಲದು. ತಾರ್ನಾಕಾದ ಸಂಸ್ಥೆಗೆ ಹತ್ತಿರದಲ್ಲೇ ಇರುವ ಕೋಶ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳು ಚಂಡೀಗಢದವರೊಂದಿಗೆ ಸೇರಿ ಆಸ್ಪತ್ರೆ ಮತ್ತು ಮನೆಗಳ ಗಾಳಿಯನ್ನು ಪರೀಕ್ಷಿಸಿದಾಗ, ಗಾಳಿಯಾಡದ ಮುಚ್ಚಿದ ಕೋಣೆಗಳಲ್ಲಿ ವೈರಸ್ ಉಳಿಯುತ್ತದೆಂದು ಕಂಡಿತು. ಗಾಳಿಯಲ್ಲೇ ತೇಲುವುದನ್ನು ಮುಖದ ಮುಂದಿನ ಫಲಕ ತಡೆಯಲಾರದು. ಕಿಟಕಿ ತೆರೆದ ಜಿಮ್, ಬಯಲು, ಮುಂಜಾವದ ಪಾರ್ಕು ಇವೇ ಆಗ ಸರಿಯಾದ ಉತ್ತರವಾಗಿದ್ದವು; ಸೂಚನೆಗಳಲ್ಲಿ ಗಾಳಿಯಾಡುವಿಕೆಗೆ ಇನ್ನೂ ದೊಡ್ಡ ಸ್ಥಾನ ಸಿಗಬೇಕಿತ್ತು.

ಮೇಲೆ ಹೆಸರಿಸಿದ ನಾಲ್ಕೂ ಪ್ರಯೋಗಗಳಲ್ಲಿ ದುಡಿದವರು ಆರೋಗ್ಯವಂತರು. ಸೈಕಲ್ ಇಲ್ಲವೇ ಟ್ರೆಡ್‌ಮಿಲ್ ಮೇಲೆ, ಕೆಲವು ನಿಮಿಷಗಳ ಮಟ್ಟಿಗೆ ದಣಿದವರು. ಬೇಗಂ ಬಜಾರಿನಲ್ಲಿ ಚೀಲ ಹೊರುವ ಹಮಾಲಿ, ನಾರಾಯಣಪೇಟೆ ಮತ್ತು ರಾಯಚೂರಿನ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕೂಲಿ ದಣಿಯುವುದು ಗಂಟೆಗಟ್ಟಲೆ, ಬಿಸಿಲಿನಲ್ಲಿ, ಅನೇಕ ಬಾರಿ ಅರೆಹೊಟ್ಟೆಯಲ್ಲಿ. ಸಿಮೆಂಟಿನ ದೂಳು, ಚಳಿಗಾಲದ ಹೊಗೆಮಂಜು ಇರುವವರೆಗೆ ಅವರಿಗೆ ಮಾಸ್ಕಿನ ಅಗತ್ಯ ಸಾಂಕ್ರಾಮಿಕದೊಂದಿಗೆ ಮುಗಿಯುವುದಿಲ್ಲ. ಅವರ ಮೇಲಿನ ಅಧ್ಯಯನಕ್ಕೆ ಬೇಕಾದ ಕ್ರಮ ಹೈದರಾಬಾದಿನಲ್ಲಿ ಆಗಲೇ ಇದೆ: ಮುಖಕ್ಕೆ ಅಳತೆಯ ಗವಸು ಬೇಡ, ಮಾಸ್ಕ್ ಇದ್ದ ದಿನ, ಇಲ್ಲದ ದಿನ, ಒದ್ದೆ ಮಾಸ್ಕನ್ನು ಮಧ್ಯಾಹ್ನ ಬದಲಿಸಿದ ದಿನ ಎಷ್ಟು ಚೀಲ ಸಾಗಿತು, ಎದೆಬಡಿತ ಎಷ್ಟಿತ್ತು, ಎಷ್ಟು ಸಲ ಕೂತು ದಣಿವಾರಿಸಿಕೊಳ್ಳಬೇಕಾಯಿತು ಎಂದು ಎಣಿಸಬೇಕು, ಮತ್ತು ಆ ದಿನಗಳ ಕೂಲಿಯನ್ನು ಪೂರ್ತಿ ಕೊಡಬೇಕು.