ಬೆಲ್ಜಿಕಾ ಹಡಗಿನ ಒಲೆ

ನೌಕಾಪಡೆಯ ಚಿಕಿತ್ಸಾ ಕೊಠಡಿಯಾದ ಸಿಕ್‌ಬೇಯಲ್ಲಿದ್ದ ವರ್ಷಗಳಲ್ಲಿ, ರಾತ್ರಿ ವಾಚ್ (ಕಾವಲು ಪಾಳಿ) ಮುಗಿಸಿದ ಹುಡುಗರು ನಿದ್ದೆ ಮಾತ್ರೆಗೆ ಬಂದಾಗಲೆಲ್ಲ ನಾನು ಅವರಿಗೆ ಡಾಕ್ಟರ್ ಫ್ರೆಡರಿಕ್ ಕುಕ್ ಕತೆ ಹೇಳುತ್ತಿದ್ದೆ.

1898ರ ಮಾರ್ಚ್‌ನಲ್ಲಿ ಬೆಲ್ಜಿಕಾ ಎಂಬ ಹಡಗು ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕಿಬಿತ್ತು. ಮೇ ನಡುವೆ ಮುಳುಗಿದ ಸೂರ್ಯ ಮತ್ತೆ ಕಂಡದ್ದು ಜುಲೈ ಕೊನೆಗೆ. ಅಷ್ಟರಲ್ಲಿ ಜನರ ಮುಖ ಬಿಳಿಚಿಕೊಂಡಿತ್ತು, ಕಾಲು ಬಾತಿತ್ತು, ನಿದ್ದೆ ಹಾರಿಹೋಗಿತ್ತು. ಮಾತಾಡಲೂ ಯಾರಿಗೂ ಮನಸ್ಸಿರಲಿಲ್ಲ. ಬೆಲ್ಜಿಯಂ ಸೇನೆಯ ತೋಪುದಳದ ಅಧಿಕಾರಿ ಎಮಿಲ್ ಡಾಂಕೊಗೆ ಮೊದಲೇ ಹೃದ್ರೋಗವಿತ್ತು. ಅವರು ಜೂನ್ 5ರಂದು ತೀರಿಕೊಂಡರು.

ಹಡಗಿನ ವೈದ್ಯರಾಗಿದ್ದ ಕುಕ್ ಅದಕ್ಕೂ ಮುಂಚೆ ಗ್ರೀನ್‌ಲ್ಯಾಂಡಿನ ಇರುಳನ್ನು ಕಂಡವರು. ಬಿಸಿಲಿಲ್ಲದ್ದೇ ಈ ಕಾಯಿಲೆಯ ಒಂದು ಬೇರು ಎಂದು ಅವರಿಗೆ ಅನ್ನಿಸಿತು. ಹದಗೆಟ್ಟವರ ಬಟ್ಟೆ ಬಿಚ್ಚಿಸಿ, ಉರಿಯುವ ಒಲೆಯೆದುರು ತಾಸುಗಟ್ಟಲೆ ನಿಲ್ಲಿಸಿದರು. ಜೊತೆಗೆ ಪೆಂಗ್ವಿನ್, ಸೀಲ್‌ಗಳ ಹಸಿ ಮಾಂಸವನ್ನು ತಿನ್ನಿಸಿದರು. ಹೆಚ್ಚಿನ ಗುಣ ಮಾಂಸದಿಂದಲೇ ಬಂದಿರಬೇಕು, ವಿಟಮಿನ್ ಸಿ ಕೊರತೆಯ ಸ್ಕರ್ವಿ ಅವರನ್ನು ಹಿಡಿದಿತ್ತಲ್ಲ. ಒಲೆಯ ಬೆಳಕು ಬಿಸಿಲಿಗೆ ಎಲ್ಲಿ ಸಾಟಿ? ಆದರೂ ಬೆಳಕನ್ನೇ ಮದ್ದಾಗಿ ಕೊಡಬೇಕೆಂದು ಆ ಕತ್ತಲಲ್ಲಿ ಹೊಳೆದದ್ದನ್ನು ನಾನು ದೊಡ್ಡದೆಂದೇ ಎಣಿಸುತ್ತೇನೆ.

ಆಸ್ಪತ್ರೆಗಳು ಆ ಯೋಚನೆಗೆ ಬಂದು ತಲುಪಲು ಎಂಟು ದಶಕ ಬೇಕಾಯಿತು. 1980ರಲ್ಲಿ ಸಂಶೋಧಕ ಆಲ್ಫ್ರೆಡ್ ಲೂಯಿ, 2,500 ಲಕ್ಸ್ (ಬೆಳಕಿನ ಅಳತೆ) ಬೆಳಕು ಮನುಷ್ಯನಲ್ಲಿ ಇರುಳಿನ ಹಾರ್ಮೋನಾದ ಮೆಲಟೋನಿನ್‌ನ ಸ್ರಾವವನ್ನು ತಡೆಯುತ್ತದೆಂದು ತೋರಿಸಿದರು. ಮನೆಯ ದೀಪದಲ್ಲಿ ಕೆಲವು ನೂರು ಲಕ್ಸ್ ಸಿಕ್ಕರೆ ಹೆಚ್ಚು. 1984ರಲ್ಲಿ ಮನೋವೈದ್ಯ ನಾರ್ಮನ್ ರೊಸೆಂಥಾಲ್ ಮತ್ತವರ ಸಂಗಡಿಗರು ಚಳಿಗಾಲದ ಖಿನ್ನತೆಗೆ ಇಂಥ ಪ್ರಖರ ಬೆಳಕಿನ ಚಿಕಿತ್ಸೆಯನ್ನು ವರದಿ ಮಾಡಿದರು. ಬೆಳಗಿನ ಬೆಳಕು ದೇಹದ ಗಡಿಯಾರವನ್ನೂ ಮುಂದಕ್ಕೆಳೆಯುತ್ತದೆ. ಆಗ ರಾತ್ರಿ ನಿದ್ದೆಯೂ ಬೇಗ ಬರುತ್ತದೆ.

ಸೇನೆಗಳು ಬೆಳಕಿನ ಈ ಪಾಠವನ್ನು ಇನ್ನೂ ತಡವಾಗಿ ಕಲಿತವು ಎಂಬುದು ನನ್ನ ಸಂಕಟ. ಅಮೆರಿಕದ ಅಣುಶಕ್ತಿ ಜಲಾಂತರ್ಗಾಮಿಗಳಲ್ಲಿ ದಶಕಗಳ ಕಾಲ 6 ಗಂಟೆ ವಾಚ್, 12 ಗಂಟೆ ಬಿಡುವು: ಹಗಲೇ ಕಾಣದ ಜನಕ್ಕೆ 18 ಗಂಟೆಯ ಒಂದು ದಿನ. ಅಂಥ ದಿನಕ್ಕೆ ಯಾರ ದೇಹವೂ ಒಗ್ಗುವುದಿಲ್ಲ. ಅಮೆರಿಕದ ಗ್ರಾಟನ್‌ನಲ್ಲಿರುವ ನೌಕಾ ಪ್ರಯೋಗಾಲಯವು ಆ ಗಡಿಯಾರಕ್ಕೆ ನೆರವಾಗಲೆಂದು ನೀಲಿ ಅಂಶ ಹೆಚ್ಚಿರುವ ದೀಪಗಳನ್ನು ಸಮುದ್ರದಲ್ಲೇ ಪರೀಕ್ಷಿಸಿತು. 2014ರ ಹೊತ್ತಿಗೆ ಜಲಾಂತರ್ಗಾಮಿಗಳು 8 ಗಂಟೆ ವಾಚ್‌ನ, 24 ಗಂಟೆಯ ದಿನಕ್ಕೆ ಮರಳತೊಡಗಿದವು.